ಬಾಡು ಬೆಂದಿದೆಯಾ? ಕಣ್ಣನ್ನಲ್ಲ, ಕಡ್ಡಿಯನ್ನು ಕೇಳಿ



ಒಳಮೀಸಲಾತಿ, ಸ್ಮಶಾನದ ಜಾಗ, ಹಾಸ್ಟೆಲ್ ಊಟ ಅಂತ ಬರೆಯೋ ನಾನು ಇವತ್ತು ಮಾಂಸಕ್ಕೆ ಚುಚ್ಚೋ ಥರ್ಮಾಮೀಟರ್ ಬಗ್ಗೆ ಬರೀತಿದ್ದೀನಿ. ನಗೋರು ನಕ್ಕುಬಿಡಿ, ಆಮೇಲೆ ಓದಿ. ಪೋಸ್ಟ್ ಉದ್ದ ಇದೆ. ಕೇರಿಯಲ್ಲಿ ನೂರಾರು ಜನಕ್ಕೆ ಬಾಡೂಟ ಮಾಡೋರಿಗೂ, ಹೊರದೇಶದಲ್ಲಿದ್ದುಕೊಂಡು ಏಪ್ರಿಲ್ 14ಕ್ಕೆ ಹಿತ್ತಲಲ್ಲಿ ಬೆಂಕಿ ಹಾಕೋರಿಗೂ ಕೆಲಸಕ್ಕೆ ಬರೋ ವಿಷಯ ಇದು.

ನನ್ನ ಮಾತು ಇಷ್ಟೇ. ಮಾಂಸವನ್ನ ಅಳತೆ ನೋಡಿ ಬೇಯಿಸೋದನ್ನ ನಾವು ರೂಢಿ ಮಾಡ್ಕೋಬೇಕು. ನಮ್ಮನ್ನ ಗಲೀಜು ಅನ್ನೋರಿಗೆ ಉತ್ತರ ಕೊಡೋಕೆ ಅಂತ ಹೇಳ್ತಿಲ್ಲ. ಅವರ ಸರ್ಟಿಫಿಕೇಟ್ ನಮಗೆ ಬೇಡ. ನಮ್ಮ ಪಂಕ್ತಿಯಲ್ಲಿ ಕೂತು ಉಣ್ಣೋ ಮಕ್ಕಳು, ಬಸುರಿ ಹೆಣ್ಣುಮಕ್ಕಳು, ವಯಸ್ಸಾದವರು ಇದ್ದಾರಲ್ಲ, ಅವರ ಹೊಟ್ಟೆಗೆ ನಾವು ಕೊಡಬೇಕಾದ ಮರ್ಯಾದೆ ಅದು.

ಈ ಪ್ರಶ್ನೆ ನನಗೆ ಎರಡು ಕಡೆಯಿಂದ ಬಂತು. ಒಂದು, ಅಮೆರಿಕದ ಟೆಕ್ಸಾಸ್‌ನಲ್ಲಿರೋ ನಮ್ಮ ಅಕ್ಕನ ಮಗ. ರಜಾ ದಿನ ಗೆಳೆಯರ ಜೊತೆ ಸೇರಿ ಹೊಗೆಯಲ್ಲಿ ಮಾಂಸ ಬೇಯಿಸೋದು ಕಲಿತಿದ್ದಾನೆ. ‘ಮಾವ, ವೈರ್ ಇಲ್ಲದ ಪ್ರೋಬ್ ತಗೋಬೇಕು, ಯಾವುದು ತಗೊಳ್ಲಿ?’ ಅಂತ ಕೇಳಿದ. ಇನ್ನೊಂದು, ನಮ್ಮ ಕೇರಿ ಹುಡುಗರು. ವೆಲ್ಡಿಂಗ್ ಅಂಗಡಿಯಲ್ಲಿ ಡ್ರಮ್ ಕತ್ತರಿಸಿ, ಒಳಗೆ ಜಾಲರಿ ಹಾಕಿಸಿ, ಹೊಗೆಯ ಒಲೆ ಮಾಡ್ಕೊಂಡಿದ್ದಾರೆ. ಅವರದ್ದೂ ಇದೇ ಪ್ರಶ್ನೆ. ನಾನು ಅಡುಗೆಯವನಲ್ಲ. ಆಫೀಸಿನಲ್ಲಿ ಖರೀದಿ ಕಡತ ನೋಡೋ ಗುಮಾಸ್ತ. ಕಂಪನಿಯವರ ಹೊಗಳಿಕೆ ಪುಟ ಬಿಟ್ಟು ಕೊನೆಯಲ್ಲಿ ಸಣ್ಣಕ್ಷರದಲ್ಲಿರೋ ಪುಟ ಮೊದಲು ಓದೋದು ನನ್ನ ಕಸುಬು. ಹಂಗೇ ಓದಿದೆ, ನೋಡಿದೆ, ಅಳೆದೆ.

ಮೊದಲು ಈ ಅಡುಗೆ ಯಾರದ್ದು ಅಂತ ಹೇಳ್ಬೇಕು. ಇವತ್ತು ಬಾರ್ಬೆಕ್ಯೂ ಅಂದ್ರೆ ದುಬಾರಿ ಒಲೆ, ದುಬಾರಿ ಏಪ್ರನ್, ಯೂಟ್ಯೂಬ್‌ನಲ್ಲಿ ಗಡ್ಡ ಬಿಟ್ಟ ಬಿಳಿಯ ಗಂಡಸರು. ಆದರೆ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ಮಾತಿನಿಂದ ಸ್ಪ್ಯಾನಿಷ್ ದಾಟಿ ಬಂದ ಹೆಸರು ಅದು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನೆಲದಲ್ಲಿ ಕಾಲುವೆ ತೋಡಿ, ಕಟ್ಟಿಗೆ ಸುಟ್ಟು ಕೆಂಡ ಮಾಡಿ, ರಾತ್ರಿಯೆಲ್ಲಾ ನಿದ್ದೆಗೆಟ್ಟು ಇಡೀ ಇಡೀ ಪ್ರಾಣಿ ಬೇಯಿಸಿದ್ದು ಗುಲಾಮರಾಗಿದ್ದ ಕಪ್ಪು ಜನ. ಉಂಡಿದ್ದು ಯಜಮಾನರು ಮತ್ತು ಅವರ ಅತಿಥಿಗಳು. 1936ರಿಂದ 1938ರವರೆಗೆ ಅಲ್ಲಿನ ಸರ್ಕಾರದ ಯೋಜನೆಯೊಂದರಲ್ಲಿ, ಗುಲಾಮಗಿರಿ ಅನುಭವಿಸಿ ಬದುಕುಳಿದಿದ್ದ ಮುದುಕರ ಮಾತುಗಳನ್ನ ಬರೆದಿಟ್ಟರು. ಅದರಲ್ಲೂ ಈ ಅಡುಗೆಯ ನೆನಪುಗಳಿವೆ. 1865ರ ಜೂನ್ 19ರಂದು ಟೆಕ್ಸಾಸ್‌ನ ಗಾಲ್ವೆಸ್ಟನ್‌ನಲ್ಲಿ ಬಿಡುಗಡೆಯ ಸುದ್ದಿ ಸಾರಿದರು. ಆ ದಿನವನ್ನ ಕಪ್ಪು ಜನ ಜೂನ್‌ಟೀನ್ತ್ ಅಂತ ಆಚರಿಸ್ತಾ ಬಂದರು. ಆ ಹಬ್ಬದ ಊಟವೂ ಬಾರ್ಬೆಕ್ಯೂನೇ. 2021ರಲ್ಲಿ ಅದು ರಾಷ್ಟ್ರೀಯ ರಜಾ ದಿನ ಆಯ್ತು. ಕನ್ಸಾಸ್ ಸಿಟಿಯ ಬಾರ್ಬೆಕ್ಯೂಗೆ ತಳಪಾಯ ಹಾಕಿದ ಹೆನ್ರಿ ಪೆರಿ ಕಪ್ಪು ಮನುಷ್ಯ. ಹೊಗೆಯ ಅಡುಗೆ ಮಾಡೋರಿಗೆ ಜೇಮ್ಸ್ ಬಿಯರ್ಡ್ ಪ್ರಶಸ್ತಿಯಲ್ಲಿ ಅತ್ಯುತ್ತಮ ಬಾಣಸಿಗ ಅಂತ ಅಲ್ಲಿನ ದೊಡ್ಡ ಗೌರವ ಸಿಕ್ಕಾಗ 2015ರಲ್ಲಿ ಬಿಳಿಯ ಏರನ್ ಫ್ರಾಂಕ್ಲಿನ್‌ಗೆ ಮೊದಲು ಬಂತು, ಕಪ್ಪು ಜನರ ರಾಡ್ನಿ ಸ್ಕಾಟ್‌ಗೆ 2018ರಲ್ಲಿ. ಫ್ರಾಂಕ್ಲಿನ್ ಕೈಚಳಕ ಸುಳ್ಳು ಅಂತ ನಾನು ಹೇಳ್ತಿಲ್ಲ. ಸಾಲು ಯಾವಾಗಲೂ ಹೆಂಗೆ ನಿಲ್ಲುತ್ತೆ ಅಂತ ಮಾತ್ರ ಹೇಳ್ತಿದ್ದೀನಿ.

ಬಾಬಾಸಾಹೇಬರು 1946ರಲ್ಲಿ ಕಪ್ಪು ಜನರ ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದಿದ್ದರು ಅನ್ನೋದು ನಮಗೆ ಗೊತ್ತು. ಆ ಸಂಬಂಧ ಭಾಷಣಕ್ಕೆ ಮಾತ್ರ ಇರೋದು ಬೇಡ. ಒಲೆ ಮುಂದೆಯೂ ಇರಲಿ.

ಈಗ ಅಡುಗೆಗೆ ಬರೋಣ. ಟೆಕ್ಸಾಸ್‌ನವರ ಪ್ರಾಣ ಬ್ರಿಸ್ಕೆಟ್, ಅಂದ್ರೆ ದನದ ಎದೆ ಭಾಗ. ಒಂದು ಕಾಲಕ್ಕೆ ಅಗ್ಗಕ್ಕೆ ಸಿಗ್ತಿದ್ದ ಗಟ್ಟಿ ಮಾಂಸ. ದನ ತನ್ನ ಮೈಭಾರ ಹೊರೋದು ಆ ಭಾಗದ ಮೇಲೆ, ಅದಕ್ಕೇ ಅಷ್ಟು ನಾರು. ಅದನ್ನ 107ರಿಂದ 121 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹತ್ತು ಹನ್ನೆರಡು ಗಂಟೆ ಹೊಗೆಯಲ್ಲಿ ಇಡ್ತಾರೆ. ನಾರಿನೊಳಗಿನ ಕೊಲಾಜೆನ್ ನಿಧಾನಕ್ಕೆ ಕರಗಿ ಜೆಲಾಟಿನ್ ಆಗುತ್ತೆ. ಮಾಂಸದ ಒಳಗಿನ ಬಿಸಿ 93–95 ಡಿಗ್ರಿಗೆ ಬಂದಾಗ ಕಡ್ಡಿ ಬೆಣ್ಣೆಗೆ ಹೋದ ಹಾಗೆ ಹೋಗುತ್ತೆ.

ನಡುವೆ ಒಂದು ತಮಾಷೆ ಇದೆ. ಒಳಗಿನ ಬಿಸಿ 65–75ರ ಸುಮಾರಿಗೆ ಬಂದು ಗಂಟೆಗಟ್ಟಲೆ ಅಲ್ಲೇ ನಿಂತುಬಿಡುತ್ತೆ. ಅಕ್ಕನ ಮಗ ಮೊದಲ ಸಲ ‘ಕಡ್ಡಿ ಕೆಟ್ಟುಹೋಗಿದೆ ಮಾವ’ ಅಂತ ಫೋನ್ ಮಾಡಿದ್ದ. ಕಡ್ಡಿ ಚೆನ್ನಾಗೇ ಇತ್ತು. ಮಾಂಸ ಬೆವರ್ತಾ ಇರುತ್ತೆ, ಆ ನೀರು ಆರುವಾಗ ಮಾಂಸವನ್ನ ತಣ್ಣಗೆ ಮಾಡುತ್ತೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗೋದು ಇದೇ ಲೆಕ್ಕದಲ್ಲಿ. ಗಾಬರಿಯಾಗಿ ಬೆಂಕಿ ಜೋರು ಮಾಡಿದ್ರೆ ಹೊರಗೆ ಸೀದು ಹೋಗುತ್ತೆ. ಕಾಯಬೇಕು, ಇಲ್ಲಾಂದ್ರೆ ಕಾಗದದಲ್ಲೋ ಫಾಯಿಲ್‌ನಲ್ಲೋ ಸುತ್ತಬೇಕು. ಹತ್ತು ಗಂಟೆಯ ಅಡುಗೆಯಲ್ಲಿ ಮುಚ್ಚಳ ತೆಗೆದು ತೆಗೆದು ನೋಡಿದ್ರೆ ಬಿಸಿಯೆಲ್ಲಾ ಹೊರಗೆ ಹೋಗುತ್ತೆ. ವೈರ್ ಇಲ್ಲದ ಕಡ್ಡಿ ಉಪಯೋಗಕ್ಕೆ ಬರೋದು ಇಲ್ಲೇ. ಮಾಂಸದೊಳಗೆ ಚುಚ್ಚಿ ಮುಚ್ಚಳ ಹಾಕಿದ್ರೆ ಒಳಗಿನ ಅಂಕಿ ಫೋನಿಗೋ ಪಕ್ಕದ ಸಣ್ಣ ಪೆಟ್ಟಿಗೆಗೋ ಬರ್ತಾ ಇರುತ್ತೆ.

ಕೊಳ್ಳೋ ಮುಂಚೆ ನೋಡಬೇಕಾದ್ದು.

ಒಂದು, ಬಿಸಿಯ ಮಿತಿ. ಮಾಂಸದೊಳಗಿರೋ ತುದಿ ಎಷ್ಟು ತಡೆಯುತ್ತೆ, ಹೊರಗಿರೋ ಹಿಡಿ ಎಷ್ಟು ತಡೆಯುತ್ತೆ, ಎರಡನ್ನೂ ಬೇರೆ ಬೇರೆ ನೋಡಿ. 2015ರಲ್ಲಿ ಜನರಿಂದಲೇ ಮುಂಗಡ ಹಣ ಎತ್ತಿ ಶುರುವಾದ ಮೀಟರ್ ಅನ್ನೋ ಬ್ರಾಂಡಿನ ಮೊದಲ ಮಾದರಿಗೆ ಒಳಗೆ 100 ಡಿಗ್ರಿ, ಹೊರಗೆ 275 ಡಿಗ್ರಿ ಮಿತಿ. ಮುಚ್ಚಿದ ಹೊಗೆ ಒಲೆಗೆ ಇದು ಸಾಕು. ತೆರೆದ ಕೆಂಡದ ಮೇಲೆ, ತಂದೂರಿನಲ್ಲಿ, ಜ್ವಾಲೆ ಮುಟ್ಟೋ ಕಡೆ ಸಾಲಲ್ಲ. ನಮ್ಮ ಹುಡುಗರು ಡ್ರಮ್ಮಿನಲ್ಲಿ ಬೆಂಕಿ ಎಬ್ಬಿಸೋ ರೀತಿಗೆ ಒಂದೇ ದಿನದಲ್ಲಿ ಕಡ್ಡಿ ಕಥೆ ಮುಗಿಯುತ್ತೆ.

ಎರಡು, ದೂರ. ಡಬ್ಬದ ಮೇಲೆ ಬರೆದಿರೋ ದೂರ ಬಯಲಿನಲ್ಲಿ ಅಳೆದಿದ್ದು. ಹೊಗೆ ಒಲೆ ಅಂದ್ರೆ ಕಬ್ಬಿಣದ ಪೆಟ್ಟಿಗೆ, ಮಾಂಸ ಅಂದ್ರೆ ಬಹುಪಾಲು ನೀರು. ಬ್ಲೂಟೂತ್‌ನ 2.4 ಗಿಗಾಹರ್ಟ್ಜ್ ಅಲೆಗೆ ಎರಡೂ ಅಡ್ಡಿ. ಅದಕ್ಕೇ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸೋ ಪೆಟ್ಟಿಗೆ ಒಲೆ ಪಕ್ಕದಲ್ಲೇ ಇರೋ ಮಾದರಿ ನೋಡಿ. ಇನ್ನೂ ಕಡಿಮೆ ಫ್ರೀಕ್ವೆನ್ಸಿಯ ರೇಡಿಯೊ ಬಳಸೋವು ಕಬ್ಬಿಣದ ಪೆಟ್ಟಿಗೆಯಿಂದ ಚೆನ್ನಾಗಿ ಹೊರಗೆ ಬರ್ತವೆ. ಆದರೆ ಒಂದು ಎಚ್ಚರ. ಅಮೆರಿಕದಲ್ಲಿ ಅದಕ್ಕೆ 902–928 ಮೆಗಾಹರ್ಟ್ಜ್ ಬಿಟ್ಟಿದ್ದಾರೆ, ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸೋಕೆ ಬಿಟ್ಟಿರೋದು 865ರಿಂದ. ಎರಡೂ ಒಂದಲ್ಲ. ಅಲ್ಲಿಂದ ಬರೋ ನೆಂಟರ ಕೈಯಲ್ಲಿ ತರಿಸೋ ಮುಂಚೆ ಇದನ್ನ ನೋಡಿ.

ಮೂರು, ಕಡ್ಡಿಯ ಹಿಡಿಯಲ್ಲಿರೋ ಸೆನ್ಸರ್ ಒಲೆಯ ಬಿಸಿ ಹೇಳುತ್ತೆ ಅಂತಾರೆ. ಪೂರ್ತಿ ನಂಬಬೇಡಿ. ತಣ್ಣನೆ ಮಾಂಸದ ಪಕ್ಕದಲ್ಲೇ ಇರೋದ್ರಿಂದ ಅದು ಕಡಿಮೆ ತೋರಿಸುತ್ತೆ. ಒಲೆಯ ಬಿಸಿಗೆ ಜಾಲರಿ ಮಟ್ಟದಲ್ಲಿ ಇನ್ನೊಂದು ಬೇರೆ ಕಡ್ಡಿ ಬೇಕು. ಡ್ರಮ್ ಮುಚ್ಚಳದ ಮೇಲೆ ಕೂರಿಸಿರೋ ಗಡಿಯಾರದಂಥ ಡಯಲ್ ಇದೆಯಲ್ಲ, ಅದು ಮುಚ್ಚಳದ ಬಿಸಿ ಹೇಳುತ್ತೆ, ಮಾಂಸ ಇರೋ ಜಾಗದ್ದಲ್ಲ.

ನಾಲ್ಕು, ಆ್ಯಪ್. ಅಕೌಂಟ್ ಮಾಡದೆ, ಇಂಟರ್ನೆಟ್ ಇಲ್ಲದೆ ಅಂಕಿ ತೋರಿಸದ ಸಾಮಾನು ನನಗೆ ಬೇಡ. ಕಂಪನಿ ಬಾಗಿಲು ಹಾಕಿದ ದಿನ ಕಡ್ಡಿಯೂ ಕಸ ಆಗುತ್ತೆ. ಪೆಟ್ಟಿಗೆಯಲ್ಲೇ ಅಂಕಿ ಕಾಣೋದನ್ನ ತಗೊಳ್ಳಿ. ಸೆಲ್ಸಿಯಸ್‌ಗೆ ಬದಲಾಯಿಸಿಕೊಳ್ಳಿ. ಫ್ಯಾರನ್‌ಹೀಟ್‌ನಲ್ಲಿ 100 ನೋಡಿ ‘ಕುದೀತಾ ಇದೆ’ ಅಂದ್ಕೊಂಡ್ರೆ ಅದು ಜ್ವರದ ಮೈಯಷ್ಟೂ ಬಿಸಿ ಅಲ್ಲ.

ಐದು, ನಿಮಗೆ ವೈರ್‌ಲೆಸ್ ಬೇಕೇಬೇಕಾ ಅನ್ನೋದು. ಹತ್ತು ಗಂಟೆಯ ಅಡುಗೆ ಮಾಡೋನಿಗೆ ಬೇಕು. ಕೋಳಿ, ಕಬಾಬು, ಕುರಿ ತೊಡೆ ಮಾಡೋರಿಗೆ ಚುಚ್ಚಿದ ಕೆಲವೇ ಸೆಕೆಂಡಿಗೆ ಅಂಕಿ ತೋರಿಸೋ ಕೈ ಥರ್ಮಾಮೀಟರ್ ಸಾಕು. ವೈರ್‌ಲೆಸ್‌ನ ಬೆಲೆಯ ಸಣ್ಣ ಭಾಗಕ್ಕೆ ಸಿಗುತ್ತೆ. ನೂರು ಪೀಸು ಇದ್ದಾಗ ಒಂದು ಪೀಸಿನಲ್ಲಿ ಚುಚ್ಚಿಟ್ಟ ಕಡ್ಡಿ ಉಳಿದ ತೊಂಬತ್ತೊಂಬತ್ತರ ಬಗ್ಗೆ ಏನೂ ಹೇಳಲ್ಲ. ಕೈಯಲ್ಲಿ ಹಿಡಿದು ಹತ್ತಾರು ಕಡೆ ಚುಚ್ಚಿ ನೋಡಬೇಕು. ಹಾಗಾಗಿ ನಮ್ಮ ಹುಡುಗರಿಗೆ ನಾನು ಹೇಳಿದ್ದು ಅದನ್ನೇ: ಮೊದಲು ಕೈ ಥರ್ಮಾಮೀಟರ್, ಆಮೇಲೆ ದುಡ್ಡಿದ್ರೆ ವೈರ್‌ಲೆಸ್.

ಚುಚ್ಚೋದು ಎಲ್ಲಿ? ದಪ್ಪನೆ ಭಾಗದ ನಡುವೆ. ಮೂಳೆ ಮುಟ್ಟಬಾರದು, ಕೊಬ್ಬಿನ ಗೆಡ್ಡೆ ಒಳಗೆ ಇರಬಾರದು. ಕೋಳಿಯಾದ್ರೆ ತೊಡೆಯ ದಪ್ಪ ಜಾಗ. ವೈರ್‌ಲೆಸ್ ಕಡ್ಡಿ ಮೇಲೆ ಒಂದು ಗೆರೆ ಇರುತ್ತೆ. ಅಲ್ಲೀವರೆಗೂ ಒಳಗೆ ಹೋಗಲೇಬೇಕು. ಬ್ಯಾಟರಿ, ಸರ್ಕ್ಯೂಟ್ ಎಲ್ಲಾ ಇರೋದು ಆ ಗೆರೆಯ ಕೆಳಗೆ. ಮಾಂಸವೇ ಅದಕ್ಕೆ ನೆರಳು. ಗೆರೆ ಹೊರಗೆ ಉಳಿದ್ರೆ ಬೇಯೋದು ಬ್ಯಾಟರಿ.

ಅಂಕಿಗಳನ್ನ ಬಾಯಿಪಾಠ ಮಾಡಿ. ಅಮೆರಿಕದ ಕೃಷಿ ಇಲಾಖೆ ಹೇಳೋ ಲೆಕ್ಕ ಇದು: ಕೋಳಿ 74 ಡಿಗ್ರಿ, ಕೈಮ 71, ಕುರಿ, ಹಂದಿ, ದನದ ಇಡೀ ತುಂಡು 63 ಮತ್ತು ಇಳಿಸಿದ ಮೇಲೆ 3 ನಿಮಿಷ ಬಿಡಬೇಕು. 4ರಿಂದ 60 ಡಿಗ್ರಿ ನಡುವೆ ರೋಗಾಣು ಬೇಗ ಬೆಳೆಯುತ್ತೆ, ಬೇಯಿಸಿದ ಮಾಂಸ ಆ ಬಿಸಿಯಲ್ಲಿ 2 ಗಂಟೆ ಮೀರಿ ಇರಬಾರದು. ಹೊರಗೆ 32 ಡಿಗ್ರಿ ದಾಟಿದ ಬಿಸಿಲಿದ್ರೆ 1 ಗಂಟೆ ಅಷ್ಟೇ. ನಮ್ಮ ಏಪ್ರಿಲ್ ತಿಂಗಳ ಜಯಂತಿ, ಭಾಷಣ ಮುಗಿಯೋವರೆಗೂ ಕಾಯೋ ಊಟ ನೆನಪು ಮಾಡ್ಕೊಳ್ಳಿ. ಭಾಷಣ ಮೊಟಕು ಮಾಡಿ ಅಂತ ನಾನು ಎಷ್ಟು ಸಲ ಹೇಳಿದ್ರೂ ಯಾರೂ ಕೇಳಲ್ಲ. ಈಗ ವಿಜ್ಞಾನವೇ ಹೇಳ್ತಿದೆ.

ಬಣ್ಣ ನೋಡಿ ಹೇಳ್ತೀನಿ ಅನ್ನೋರು ಹೊಗೆಯ ಅಡುಗೆಯಲ್ಲಿ ಮೋಸ ಹೋಗ್ತಾರೆ. ಹೊಗೆಯೊಳಗಿನ ಅನಿಲಗಳು ಮಾಂಸದ ಕೆಂಪನ್ನ ಹಿಡಿದಿಡ್ತವೆ. ಪೂರ್ತಿ ಬೆಂದಿದ್ರೂ ಅಂಚಿನಲ್ಲಿ ಗುಲಾಬಿ ಉಂಗುರ ಉಳಿಯುತ್ತೆ. ಇನ್ನೊಂದು ಕಡೆ, ಹೊರಗೆ ಕಪ್ಪಗೆ ಸುಟ್ಟಿದ್ರೂ ಮೂಳೆ ಹತ್ತಿರ ಹಸಿ ಇರಬಹುದು.

ಅಂಥದ್ದು ಆಗಿದೆ. ಕೆಲವು ವರ್ಷದ ಹಿಂದೆ ನಮ್ಮ ಕಡೆ ಒಂದು ಕಾರ್ಯಕ್ರಮಕ್ಕೆ ಹೊರಗಿನ ಅಡುಗೆ ಗುತ್ತಿಗೆದಾರರು ಕೋಳಿ ಸುಟ್ಟು ಕೊಟ್ಟರು. ಹೊರಗೆ ಕರೀಕಪ್ಪು, ಮುರಿದ್ರೆ ಒಳಗೆ ರಕ್ತ. ರಾತ್ರಿ ಮಕ್ಕಳಿಗೆ ವಾಂತಿ ಭೇದಿ ಶುರುವಾಯ್ತು, ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ದೇವರ ದಯೆ ಅನ್ನಲ್ಲ ನಾನು, ಡ್ಯೂಟಿ ನರ್ಸ್‌ಗಳ ದಯೆ, ಎಲ್ಲರೂ ಉಳಿದರು. ಮಾರನೇ ದಿನ ಊರಿನಲ್ಲಿ ಗುತ್ತಿಗೆದಾರನ ಬಗ್ಗೆ ಯಾರೂ ಮಾತಾಡಲಿಲ್ಲ. ‘ಅವರು ತಿನ್ನೋದೇ ಹಂಗೆ’ ಅಂದರು. ಮೇಲ್ಜಾತಿಯ ಮದುವೆಯಲ್ಲಿ ಮೊಸರನ್ನ ಕೆಟ್ಟು ನೂರು ಜನ ಮಲಗಿದ್ರೆ ಅದಕ್ಕೆ ‘ಆಹಾರದಲ್ಲಿ ವಿಷ’ ಅಂತ ಹೆಸರು. ನಮ್ಮಲ್ಲಾದ್ರೆ ಅದಕ್ಕೆ ಜಾತಿಯ ಹೆಸರು. ಗುತ್ತಿಗೆದಾರ ಮಾತ್ರ ‘ನಾನು ಚೆನ್ನಾಗೇ ಬೇಯಿಸಿದ್ದೆ’ ಅಂದ, ತಪ್ಪಿಸ್ಕೊಂಡ. ನಮ್ಮ ಹತ್ತಿರ ಏನಿತ್ತು ತೋರಿಸೋಕೆ? ಎಷ್ಟು ಗಂಟೆಗೆ ಇಳಿಸಿದ, ಎಷ್ಟು ಡಿಗ್ರಿ ಇತ್ತು, ಒಂದಕ್ಷರ ಇರಲಿಲ್ಲ. ಕಡತದಲ್ಲಿ ಇಲ್ಲದ್ದು ನಡೆದೇ ಇಲ್ಲ ಅನ್ನೋದು ನಮ್ಮ ಆಫೀಸಿನ ನಿಯಮ. ಲೋಕದ ನಿಯಮವೂ ಅದೇ.

ಇನ್ನು ನಿರ್ವಹಣೆ. ಕೊಂಡಷ್ಟೇ ಇದೂ ಮುಖ್ಯ.

ವರ್ಷಕ್ಕೆ ನಾಲ್ಕು ಸಲವಾದ್ರೂ ಪರೀಕ್ಷೆ ಮಾಡಿ. ಲೋಟದ ತುಂಬ ಪುಡಿ ಐಸ್ ಹಾಕಿ, ಸಂದಿಗೆ ಇಳಿಯೋವಷ್ಟು ನೀರು ಬಿಟ್ಟು, ಕಲಕಿ, ಲೋಟದ ಗೋಡೆ ಮುಟ್ಟದ ಹಾಗೆ ಕಡ್ಡಿ ಇಳಿಸಿ. 0 ತೋರಿಸಬೇಕು. ಒಂದು ಡಿಗ್ರಿ ಆಚೀಚೆ ಪರವಾಗಿಲ್ಲ. ಕುದಿಯೋ ನೀರಿನಲ್ಲಿ ನೋಡೋರು ಊರಿನ ಎತ್ತರ ನೆನಪಿಡಿ. ಸಮುದ್ರ ಮಟ್ಟದಿಂದ 300 ಮೀಟರ್ ಮೇಲೆ ಹೋದ್ರೆ ಕುದಿಯೋ ಬಿಸಿ ಸುಮಾರು 1 ಡಿಗ್ರಿ ಇಳಿಯುತ್ತೆ. ಮಂಗಳೂರಿನಲ್ಲಿ ನೀರು 100ಕ್ಕೆ ಕುದಿಯುತ್ತೆ, ಬೆಂಗಳೂರಿನಲ್ಲಿ ಸುಮಾರು 97ಕ್ಕೆ, ಮಡಿಕೇರಿಯಲ್ಲಿ 96ಕ್ಕೆ. ಬೆಂಗಳೂರಲ್ಲಿ 97 ತೋರಿಸಿತು ಅಂತ ಒಳ್ಳೇ ಕಡ್ಡಿ ಎಸೆಯಬೇಡಿ. 100 ತೋರಿಸಿದ್ರೇ ಅನುಮಾನ ಪಡಿ.

ಹಸಿ ಮಾಂಸಕ್ಕೆ ಚುಚ್ಚಿದ ಕಡ್ಡಿ ಮತ್ತೆ ಬೆಂದ ಮಾಂಸಕ್ಕೆ ಚುಚ್ಚೋ ಮುಂಚೆ ಸೋಪು ನೀರಿನಲ್ಲಿ ಒರೆಸಲೇಬೇಕು. ವೈರ್‌ಲೆಸ್ ಕಡ್ಡಿಯ ಹಿಡಿಗೆ ಹೊಗೆಯ ಜಿಡ್ಡು ಅಂಟುತ್ತೆ. ಚಾರ್ಜ್ ಆಗೋ ಲೋಹದ ಬಿಂದು ಮೇಲೆ ಆ ಜಿಡ್ಡು ಕೂತ್ರೆ ಚಾರ್ಜ್ ನಿಲ್ಲುತ್ತೆ. ‘ಬ್ಯಾಟರಿ ಹೋಯ್ತು’ ಅಂತ ಮೂಲೆಗೆ ಹಾಕಿರೋ ಎಷ್ಟೋ ಕಡ್ಡಿಗಳಿಗೆ ಬೇಕಾಗಿರೋದು ಅಡುಗೆ ಸೋಡಾ ಪೇಸ್ಟು, ಹಳೇ ಹಲ್ಲುಜ್ಜೋ ಬ್ರಶ್ಶು ಅಷ್ಟೇ. ಬಿಸಿ ಕಡ್ಡಿ ತಣ್ಣೀರಿಗೆ ಅದ್ದಬೇಡಿ. ಆರಿಸಿ, ಒರೆಸಿ, ಪೂರ್ತಿ ಒಣಗಿದ ಮೇಲೆ ಚಾರ್ಜರ್‌ಗೆ ಹಾಕಿ. ಮೈಕ್ರೋವೇವ್, ಪ್ರೆಶರ್ ಕುಕ್ಕರ್ ಒಳಗೆ ಹಾಕಲೇಬೇಡಿ. ವೈರ್ ಇರೋ ಮಾದರಿಯಲ್ಲಿ ವೈರ್ ಕಡ್ಡಿಗೆ ಸೇರೋ ಜಾಗವನ್ನ ನೀರಿಗೆ ಮುಳುಗಿಸಬೇಡಿ, ಮುಚ್ಚಳದ ಅಂಚಿಗೆ ಸಿಕ್ಕಿಸಿ ಜಜ್ಜಬೇಡಿ. ಒಂದು ಮಾತು ಡ್ರಮ್ ಬಗ್ಗೆ: ಬಣ್ಣ, ಕೆಮಿಕಲ್ ತುಂಬಿದ್ದ ಡ್ರಮ್ ಬೇಡ, ಸತುವಿನ ಲೇಪ ಇರೋ ತಗಡು ಬೇಡ. ಕಡ್ಡಿ ಬಿಸಿ ಹೇಳುತ್ತೆ, ವಿಷ ಹೇಳಲ್ಲ.

ಇಲ್ಲಿ ಕೆಲವು ಹಿರಿಯರ ತಕರಾರು ನನಗೆ ಗೊತ್ತು. ‘ನಮ್ಮ ಅವ್ವಂದಿರು ಯಾವ ಕಡ್ಡಿ ಇಟ್ಕೊಂಡು ಬೇಯಿಸಿದ್ರಪ್ಪ?’ ಅಂತ. ನಿಜ. ಉಪ್ಪುಕಂಡ ಮಾಡೋರು ಉಪ್ಪು, ಅರಿಶಿನ, ಬಿಸಿಲು ಮೂರರಲ್ಲೇ ಮಾಂಸ ಉಳಿಸಿದ್ರು. ಕೊಡಗು, ಮಲೆನಾಡಿನ ಒಲೆ ಮೇಲಿನ ಅಟ್ಟದಲ್ಲಿ ಹೊಗೆಗೆ ತೂಗುಹಾಕಿದ್ರು. ಅಲ್ಲಿ ಮಾಂಸ ಕಾಪಾಡೋದು ಉಪ್ಪು ಮತ್ತು ಒಣಗು. ಆ ಕೆಲಸಕ್ಕೆ ಈ ಕಡ್ಡಿ ಉಪಯೋಗಕ್ಕೆ ಬರಲ್ಲ. ಅವ್ವನ ಕೈ ಒಂದು ಕುಟುಂಬದ ಪಾತ್ರೆಯನ್ನ ದಿನಾ ನೋಡಿ ಕಲಿತ ಕೈ. ಅವರು ಸಾರನ್ನ ಕುದಿಸಿ ಕುದಿಸಿ ಮಾಡ್ತಿದ್ದರು, ಕುದಿಯೋ ಸಾರೇ ಅವರ ಥರ್ಮಾಮೀಟರ್. ಈಗ ನಾವು ಮಾಡ್ತಿರೋದು ಬೇರೆ. ಸಾರು ಇಲ್ಲದ, ಸಣ್ಣ ಬಿಸಿಯ, ದೊಡ್ಡ ತುಂಡಿನ, ಐನೂರು ಜನರ ಅಡುಗೆ. ಹೊಸ ಒಲೆಗೆ ಹಳೇ ಅಂದಾಜು ಸಾಲಲ್ಲ.

ಇನ್ನೂ ಒಂದು ಕಾರಣ ಇದೆ. ನಮ್ಮಲ್ಲಿ 2021ರಿಂದ ಜಾರಿಯಲ್ಲಿರೋ ಗೋಹತ್ಯೆ ನಿಷೇಧ ಕಾನೂನಿನ ಪ್ರಕಾರ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಬೇರೆ ಜಾನುವಾರು ಕಡಿಯೋ ಹಾಗಿಲ್ಲ. ಆ ಕಾನೂನಿನ ಬಗ್ಗೆ ನನ್ನ ತಕರಾರು ಬೇಕಾದಷ್ಟು ಸಲ ಬರೆದಿದ್ದೀನಿ. ಅಡುಗೆಯ ಲೆಕ್ಕದಲ್ಲಿ ಅದರ ಅರ್ಥ, ಬಡವನ ತಟ್ಟೆಗೆ ಬರೋದು ಮುದಿ ಪ್ರಾಣಿಯ ಗಟ್ಟಿ ನಾರು. ಅದನ್ನ ಮೆತ್ತಗೆ ಮಾಡೋಕೆ ಇರೋ ದಾರಿ ಸಣ್ಣ ಬಿಸಿ, ಉದ್ದ ಹೊತ್ತು. ಕಪ್ಪು ಜನ ಕಂಡುಕೊಂಡ ದಾರಿಯೂ ಅದೇ, ಒಳ್ಳೇ ತುಂಡು ಯಜಮಾನನ ಮನೆಗೆ ಹೋದ ಮೇಲೆ ಉಳಿದದ್ದನ್ನ ರುಚಿ ಮಾಡೋ ದಾರಿ.

ಹಾಗಾಗಿ ನನ್ನ ಸಲಹೆ. ಪ್ರತಿ ಸಂಘದ ಪಾತ್ರೆ ಸಾಮಾನಿನ ಜೊತೆ ಒಂದು ಕೈ ಥರ್ಮಾಮೀಟರ್ ಇರಲಿ. ಮೈಕು, ಬ್ಯಾನರು, ಹಾರಕ್ಕೆ ಹಾಕೋ ದುಡ್ಡಿನಲ್ಲಿ ಒಂದು ಚೂರು ಸಾಕು. ಒಂದು ನೋಟ್‌ಬುಕ್ ಇಡಿ: ದಿನಾಂಕ, ಏನು ಬೇಯಿಸಿದ್ದು, ಇಳಿಸಿದಾಗ ಎಷ್ಟು ಡಿಗ್ರಿ, ಎಷ್ಟು ಗಂಟೆಗೆ ಬಡಿಸಿದ್ದು. ಕೊನೇ ಕಾಲಂನಲ್ಲಿ ಬೇಯಿಸಿದವರ ಹೆಸರು ಪೂರ್ತಿ ಬರೀರಿ. ಇದು ಮುಖ್ಯ. ಹೊಗೆ ಕುಡಿದು ರಾತ್ರಿಯೆಲ್ಲಾ ಬೇಯಿಸಿದವರ ಹೆಸರು ಅಲ್ಲಿಯೂ ಅಳಿಸಿಹೋಯ್ತು, ಇಲ್ಲಿಯೂ ಅಳಿಸಿಹೋಗ್ತಿದೆ. ಗುತ್ತಿಗೆದಾರರಿಗೆ ಅಡುಗೆ ಕೊಟ್ರೆ ಅವರ ಕೈಯಲ್ಲೂ ಇದೇ ಪುಟ ತುಂಬಿಸಿ ಸಹಿ ಹಾಕಿಸಿಕೊಳ್ಳಿ. ಕೋಳಿ 74 ದಾಟದೆ ಎಲೆಗೆ ಬರೋ ಹಾಗಿಲ್ಲ ಅಂತ ಮೊದಲೇ ಹೇಳಿ. ಸಿಟ್ಟು ಮಾಡ್ಕೊಂಡ್ರೆ ಮಾಡ್ಕೊಳ್ಲಿ.

ಅಳತೆ ಕೋಲು ಇಷ್ಟು ಕಾಲ ಬೇರೆಯವರ ಕೈಯಲ್ಲಿತ್ತು. ಜಮೀನು ಅಳೆದರು, ಕೂಲಿ ಅಳೆದರು, ನಮ್ಮ ನೆರಳು ಎಷ್ಟು ದೂರ ಇರಬೇಕು ಅಂತಲೂ ಅಳೆದರು. ಈ ಪುಟ್ಟ ಕಡ್ಡಿಯಾದರೂ ನಮ್ಮ ಕೈಯಲ್ಲಿರಲಿ, ನಮ್ಮ ಮಕ್ಕಳಿಗಾಗಿ.

ಅನುಭವ ಇರೋರು ಕಾಮೆಂಟ್‌ನಲ್ಲಿ ಬರೀರಿ. ಬಯ್ಯೋರು ಊಟ ಮಾಡಿ ಬಂದು ಬಯ್ಯಿರಿ.

ಜೈಭೀಮ್.